ಊರಿನ ಪಾರ್ಕು ಯಾರದು?



ಮನೆಯ ಅಂಗಳ ಗುಡಿಸುವವರು ಯಾರು? ನಾವು. ನೀರು ಚಿಮುಕಿಸಿ ರಂಗೋಲಿ ಹಾಕುವವರು ಯಾರು? ನಾವೇ. ಅಂಗಳ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಬೀದಿ. ಬೀದಿಯ ಕೊನೆಗೆ ಒಂದು ಖಾಲಿ ಜಾಗ. ಅಲ್ಲೊಂದು ಬೋರ್ಡು. 'ಸಾರ್ವಜನಿಕ ಉದ್ಯಾನವನ' ಎಂದು ಬರೆದಿದೆ. ಈಗ ಆ ಬೋರ್ಡನ್ನು ನೀವೇ ಓದಬಲ್ಲಿರಿ.

ಬೋರ್ಡಿನ ಹಿಂದೆ ಏನಿದೆ? ಮೊಣಕಾಲುದ್ದ ಪಾರ್ಥೇನಿಯಂ ಗಿಡ. ಮುರಿದ ಜಾರುಬಂಡೆ. ಪ್ಲಾಸ್ಟಿಕ್ ಕಸ. ಸಂಜೆ ಆದರೆ ಕತ್ತಲೆ. ಹೆಂಗಸರು, ಮಕ್ಕಳು ಆ ಕಡೆ ಹೋಗುವುದಿಲ್ಲ. ಇದನ್ನು ಸರಿ ಮಾಡುವವರು ಯಾರು? ಈ ಪ್ರಶ್ನೆ ಬಂದಾಗ ನಾವೆಲ್ಲ ಸುಮ್ಮನಾಗುತ್ತೇವೆ. "ಅದು ಸರ್ಕಾರದ್ದು ಬಿಡಿ" ಅಂತೀವಿ.

ಇದೇ ಪ್ರಶ್ನೆ ದೂರದ ಅಮೆರಿಕದ ಒಂದು ಸಣ್ಣ ಊರಿನಲ್ಲೂ ಇತ್ತು. ಅಲ್ಲಿ ಕಾಲೇಜು ಓದುವ ಹುಡುಗ ಹುಡುಗಿಯರು ಬಂದು ಪಾರ್ಕಿನ ಕೆಲಸಕ್ಕೆ ಕೈ ಹಚ್ಚಿದರು. ಅವರು ಹೇಗೆ ಮಾಡಿದರು? ಅದರಿಂದ ನಾವು ಕಲಿಯುವುದು ಏನು? ಬನ್ನಿ, ಓದೋಣ.

ಕಪ್ಪು ಮಣ್ಣಿನ ಸೀಮೆ

ಅಮೆರಿಕದ ದಕ್ಷಿಣ ಭಾಗದಲ್ಲಿ ಅಲಬಾಮ ಎಂಬ ರಾಜ್ಯ ಇದೆ. ಅಲ್ಲಿ ಹೇಲ್ ಕೌಂಟಿ ಎಂಬ ಪ್ರದೇಶ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಈ ಸೀಮೆಯ ಮಣ್ಣು ಕಪ್ಪು. ನಮ್ಮ ಎರೆ ಹೊಲದ ಹಾಗೆ ಅಲ್ಲಿಯೂ ಹತ್ತಿ ಬೆಳೆಯುತ್ತಿದ್ದರು.

ಆ ಹತ್ತಿಯ ಹಿಂದೆ ಕಣ್ಣೀರಿನ ಕಥೆ ಇದೆ. ಆಫ್ರಿಕಾದಿಂದ ಜನರನ್ನು ಹಿಡಿದು ತಂದು, ಗುಲಾಮರನ್ನಾಗಿ ಮಾಡಿ, ಅವರಿಂದ ಮತ್ತು ಅವರ ಮಕ್ಕಳು ಮೊಮ್ಮಕ್ಕಳಿಂದ ಹತ್ತಿ ಬೆಳೆಸುತ್ತಿದ್ದರು. 1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾಯಿತು. ಆದರೆ ಬೇಧ ಹೋಗಲಿಲ್ಲ. ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬೇರೆ ಪಾರ್ಕು. ನಮ್ಮಲ್ಲಿ ಕೆಲವರನ್ನು ಬಾವಿಯ ಹತ್ತಿರ ಬಿಡದೇ ಇದ್ದದ್ದು ನೆನಪಿಗೆ ಬರುತ್ತದೆ, ಅಲ್ಲವೇ?

ಅಲಬಾಮದ ರಾಜಧಾನಿ ಮಾಂಟ್ಗೊಮೆರಿ. ಅಲ್ಲಿ ಕಪ್ಪು ಜನರು ಕೋರ್ಟಿಗೆ ಹೋದರು. "ಪಾರ್ಕು ಎಲ್ಲರದು, ನಮ್ಮನ್ನೂ ಬಿಡಿ" ಎಂದು ಕೇಳಿದರು. ಆಗ ಊರಿನ ಆಡಳಿತ ಏನು ಮಾಡಿತು ಗೊತ್ತೇ? ಎಲ್ಲರನ್ನೂ ಬಿಡುವ ಬದಲು ಪಾರ್ಕುಗಳಿಗೇ ಬೀಗ ಹಾಕಿತು! 1959ರಿಂದ 1965ರವರೆಗೆ ಅಲ್ಲಿನ ಪಾರ್ಕುಗಳು ಮುಚ್ಚಿದ್ದವು. ಬಿಳಿಯರ ಮಕ್ಕಳಿಗೂ ಇಲ್ಲ, ಕಪ್ಪು ಮಕ್ಕಳಿಗೂ ಇಲ್ಲ.

ಇಂಥ ನಾಡಿನಲ್ಲಿ ಎಲ್ಲರಿಗೂ ಬಾಗಿಲು ತೆರೆದ ಒಂದು ಪಾರ್ಕು ಎಂದರೆ ಸಣ್ಣ ಮಾತಲ್ಲ.

ಕಟ್ಟುವ ವಿದ್ಯೆಯ ಮಕ್ಕಳು

ಹೇಲ್ ಕೌಂಟಿಯಿಂದ ಸುಮಾರು ಮೂರು ತಾಸು ಪ್ರಯಾಣ ಮಾಡಿದರೆ ಆಬರ್ನ್ ವಿಶ್ವವಿದ್ಯಾಲಯ ಸಿಗುತ್ತದೆ. ಅಲ್ಲಿ ವಾಸ್ತುಶಿಲ್ಪ ಕಲಿಸುತ್ತಾರೆ. ವಾಸ್ತುಶಿಲ್ಪ ಎಂದರೆ ಮನೆ, ಶಾಲೆ, ಆಸ್ಪತ್ರೆ ಮೊದಲಾದ ಕಟ್ಟಡಗಳಿಗೆ ನಕ್ಷೆ ಮಾಡುವ ವಿದ್ಯೆ. ಗಾಳಿ ಬೆಳಕು ಹೇಗೆ ಬರಬೇಕು? ಮಳೆ ನೀರು ಎಲ್ಲಿಗೆ ಹರಿಯಬೇಕು? ಯಾವ ಸಾಮಾನು ಎಷ್ಟು ಭಾರ ಹೊರುತ್ತದೆ? ಇದನ್ನೆಲ್ಲ ಕಲಿಯುತ್ತಾರೆ. ದಿಕ್ಕು ನೋಡಿ ಶಕುನ ಹೇಳುವ ವಾಸ್ತು ಬೇರೆ. ಇದು ಲೆಕ್ಕದ ವಿದ್ಯೆ.

ಸ್ಯಾಮುಯೆಲ್ ಮಾಕ್‌ಬಿ ಎಂಬ ಮೇಷ್ಟ್ರು ಅಲ್ಲಿ ಇದ್ದರು. ಮಕ್ಕಳು ಕಾಗದದ ಮೇಲೆ ಗೆರೆ ಎಳೆದರೆ ಸಾಲದು, ಬಡವರ ನಡುವೆ ಇದ್ದು ಕೈಯಾರೆ ಕಟ್ಟಬೇಕು ಎಂಬುದು ಅವರ ವಿಚಾರ. 1993ರಲ್ಲಿ ಅವರು ಡಿ. ಕೆ. ರೂತ್ ಎಂಬ ಇನ್ನೊಬ್ಬ ಮೇಷ್ಟ್ರ ಜೊತೆ ಸೇರಿ ಹೇಲ್ ಕೌಂಟಿಯಲ್ಲಿ 'ರೂರಲ್ ಸ್ಟುಡಿಯೋ' ಆರಂಭಿಸಿದರು. ಇದನ್ನು 'ಹಳ್ಳಿಯ ಕಾರ್ಯಶಾಲೆ' ಎನ್ನಬಹುದು. ವಿದ್ಯಾರ್ಥಿಗಳು ಬಂದು ಹಳ್ಳಿಯಲ್ಲೇ ಉಳಿಯುತ್ತಾರೆ. ಊರವರ ಜೊತೆ ಮಾತಾಡುತ್ತಾರೆ, ನಕ್ಷೆ ಮಾಡುತ್ತಾರೆ, ಹಣ ಕೂಡಿಸುತ್ತಾರೆ, ತಾವೇ ಕಟ್ಟುತ್ತಾರೆ.

1994ರಲ್ಲಿ ಅವರು ಒಂದು ಬಡ ಕುಟುಂಬಕ್ಕೆ ಮನೆ ಕಟ್ಟಿದರು. ಅದರ ಗೋಡೆ ಒಣಹುಲ್ಲಿನ ಹೊರೆಗಳದ್ದು! ಹೊರೆಗಳನ್ನು ಇಟ್ಟಿಗೆಯ ಹಾಗೆ ಜೋಡಿಸಿ ಮೇಲೆ ಗಾರೆ ಬಳಿದರು. 2000ದಲ್ಲಿ ಇನ್ನೊಂದು ಹಳ್ಳಿಯಲ್ಲಿ ಜನ ಸೇರುವ ಮಂಟಪ ಕಟ್ಟಿದರು. ಅದಕ್ಕೆ ಗುಜರಿ ಕಾರುಗಳ ಮುಂದಿನ ಗಾಜು ಹಾಕಿದರು. ಕಡಿಮೆ ಖರ್ಚು ಎಂದರೆ ಕಳಪೆ ಕೆಲಸ ಅಲ್ಲ ಎಂದು ತೋರಿಸಿದರು.

ಮಾಕ್‌ಬಿ ಮೇಷ್ಟ್ರು 2001ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ಇಂಗ್ಲೆಂಡಿನಿಂದ ಬಂದಿದ್ದ ಆಂಡ್ರೂ ಫ್ರಿಯರ್ ಎಂಬ ಮೇಷ್ಟ್ರು ಮುಂದುವರಿಸಿದರು.

ಮೂವರ ಜಾಗ

ಹೇಲ್ ಕೌಂಟಿಯ ಮುಖ್ಯ ಊರು ಗ್ರೀನ್ಸ್‌ಬೊರೊ. 2010ರ ಜನಗಣತಿಯಲ್ಲಿ ಅಲ್ಲಿ ಸುಮಾರು ಎರಡೂವರೆ ಸಾವಿರ ಜನ ಇದ್ದರು. ನಮ್ಮ ಒಂದು ದೊಡ್ಡ ಹಳ್ಳಿಯಷ್ಟು. ಆ ಊರಿಗೆ 'ಲಯನ್ಸ್ ಪಾರ್ಕ್' ಎಂಬ ಪಾರ್ಕು ಇದೆ. ಸುಮಾರು 40 ಎಕರೆ ಜಾಗ.

ಈ ಜಾಗಕ್ಕೆ ಯಜಮಾನರು ಮೂವರು. ಒಂದು, ಊರಿನ ಆಡಳಿತ. ಎರಡು, ಕೌಂಟಿಯ ಆಡಳಿತ. ಮೂರು, ಲಯನ್ಸ್ ಕ್ಲಬ್. ಲಯನ್ಸ್ ಕ್ಲಬ್ಬಿನ ಹೆಸರು ನಮ್ಮಲ್ಲೂ ಬಸ್ ತಂಗುದಾಣದ ಬೋರ್ಡಿನ ಮೇಲೆ, ಕಣ್ಣಿನ ಶಿಬಿರದ ಬ್ಯಾನರಿನ ಮೇಲೆ ಇರುತ್ತದೆ, ನೋಡಿರುತ್ತೀರಿ.

ಮೂವರು ಯಜಮಾನರಿದ್ದರೆ ಜಾಗ ಚೆನ್ನಾಗಿರಬೇಕಲ್ಲವೇ? ಹಾಗೆ ಆಗುವುದಿಲ್ಲ ಎಂದು ನಮಗೆ ಗೊತ್ತು. ಮೂರು ಮನೆಯವರ ಹಂಚಿಕೆಯ ಹಿತ್ತಿಲನ್ನು ಯಾರು ಗುಡಿಸುತ್ತಾರೆ? ಅವರು ಮಾಡಲಿ ಎಂದು ಇವರು, ಇವರು ಮಾಡಲಿ ಎಂದು ಅವರು. ಬಡ ಊರಿನಲ್ಲಿ ಪಾರ್ಕಿಗೆ ಕೊಡಲು ಹಣವೂ ಕಡಿಮೆ. ಒಟ್ಟಿನಲ್ಲಿ ಎಲ್ಲರದ್ದೂ ಎನ್ನುವ ಜಾಗ ಯಾರದ್ದೂ ಅಲ್ಲದ ಜಾಗ ಆಗುತ್ತದೆ.

ಒಂದೊಂದು ವರ್ಷ, ಒಂದೊಂದು ಕೆಲಸ

ರೂರಲ್ ಸ್ಟುಡಿಯೋದ ವಿದ್ಯಾರ್ಥಿಗಳು ಈ ಪಾರ್ಕಿಗೆ ಬಂದರು. ಎಲ್ಲವನ್ನೂ ಒಂದೇ ಸಲ ಮಾಡಲು ಹೋಗಲಿಲ್ಲ. ಒಂದು ತಂಡ ಒಂದು ಕೆಲಸ ಮುಗಿಸಿತು. ಮುಂದಿನ ತಂಡ ಅಲ್ಲಿಂದ ಮುಂದಕ್ಕೆ ನಡೆಸಿತು.

ಮೊದಲು 2006ರಲ್ಲಿ ಬೇಸ್‌ಬಾಲ್ ಆಡುವ ಮೈದಾನಗಳನ್ನು ಸರಿ ಮಾಡಿದರು. ಬೇಸ್‌ಬಾಲ್ ಎಂದರೆ ಕೋಲಿನಿಂದ ಚೆಂಡು ಹೊಡೆದು ಓಡುವ ಆಟ. ನಮ್ಮ ಮಕ್ಕಳಿಗೆ ಕ್ರಿಕೆಟ್ ಹೇಗೋ ಅಲ್ಲಿನ ಮಕ್ಕಳಿಗೆ ಇದು ಹಾಗೆ.

ಮುಂದಿನ ವರ್ಷಗಳಲ್ಲಿ ಶೌಚಾಲಯ ಕಟ್ಟಿದರು. ಇದನ್ನು ನಾವು ಎರಡು ಸಲ ಓದಬೇಕು. ಶೌಚಾಲಯ ಇಲ್ಲದ ಪಾರ್ಕಿನಲ್ಲಿ ಹೆಂಗಸರು ಎಷ್ಟು ಹೊತ್ತು ಕೂತಾರು? ಗಂಡಸರಾದರೆ ಹೇಗೋ ನಡೆಸುತ್ತಾರೆ. ಹೆಂಗಸರು, ಹೆಣ್ಣುಮಕ್ಕಳು ಎದ್ದು ಮನೆಗೆ ಹೊರಡುತ್ತಾರೆ.

ಆಮೇಲೆ ಸ್ಕೇಟ್‌ಬೋರ್ಡ್ ಆಡುವ ಜಾಗ ಆಯಿತು. ಸ್ಕೇಟ್‌ಬೋರ್ಡ್ ಎಂದರೆ ಚಕ್ರ ಇರುವ ಹಲಗೆ. ಹುಡುಗರು ಅದರ ಮೇಲೆ ನಿಂತು ಜಾರುತ್ತಾರೆ. ಟೋನಿ ಹಾಕ್ ಎಂಬ ಹೆಸರಾಂತ ಆಟಗಾರರ ಸಂಸ್ಥೆ ಈ ಕೆಲಸಕ್ಕೆ ಹಣ ಸಹಾಯ ಮಾಡಿತು. ತಿಂಡಿ ಮಾರುವ ಅಂಗಡಿ ಬಂತು. ಸ್ಕೌಟ್ ಮಕ್ಕಳು ಸೇರಲು ಒಂದು ಮನೆಯೂ ಆಯಿತು.

ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವಲ್ಲ, ಹಾಗೆ.

ಎರಡು ಸಾವಿರ ಡ್ರಮ್ಮು

ಎಲ್ಲಕ್ಕಿಂತ ಸೊಗಸಾದ ಕೆಲಸ 2010ರಲ್ಲಿ ಆಯಿತು. ಚಿಕ್ಕ ಮಕ್ಕಳಿಗೆ ಆಟದ ಜಾಗ ಬೇಕಿತ್ತು. ಅಂಗಡಿಯಿಂದ ಜಾರುಬಂಡೆ, ಉಯ್ಯಾಲೆ ತರಬಹುದಿತ್ತು. ಆದರೆ ವಿದ್ಯಾರ್ಥಿಗಳಿಗೆ ಸುಮಾರು 2,000 ಖಾಲಿ ಡ್ರಮ್ಮುಗಳು ಸಿಕ್ಕಿದವು. ನಾವು ನೀರು ತುಂಬಿಡುವ 200 ಲೀಟರಿನ ಡ್ರಮ್ಮು ಇರುತ್ತದಲ್ಲ, ಸುಮಾರು ಅದೇ ಅಳತೆ. ತುಕ್ಕು ಹಿಡಿಯದ ಹಾಗೆ ಸತುವಿನ ಲೇಪ ಇರುವ ಉಕ್ಕಿನ ಡ್ರಮ್ಮುಗಳು. ಅವುಗಳಲ್ಲಿ ಮೊದಲು ಪುದೀನ ಎಣ್ಣೆ ತುಂಬಿ ಸಾಗಿಸುತ್ತಿದ್ದರು. ಇಂಥ ಎಣ್ಣೆಯನ್ನು ಟೂತ್‌ಪೇಸ್ಟಿಗೆ ಹಾಕುತ್ತಾರೆ.

ವಿದ್ಯಾರ್ಥಿಗಳು ಈ ಡ್ರಮ್ಮುಗಳನ್ನು ಒಂದರ ಮೇಲೊಂದು, ಒಂದರ ಪಕ್ಕ ಒಂದು ಜೋಡಿಸಿ ಗೋಡೆ ಮಾಡಿದರು. ಗೋಡೆಗಳ ನಡುವೆ ದಾರಿ ಬಿಟ್ಟರು. ದಾರಿ ತಿರುಗುತ್ತದೆ, ಕವಲೊಡೆಯುತ್ತದೆ. ಚಕ್ರವ್ಯೂಹದ ಹಾಗೆ! ತಲೆಯ ಮೇಲೆ ನೆರಳಿಗೂ ಡ್ರಮ್ಮುಗಳನ್ನೇ ಹಾಕಿದರು. ಮಕ್ಕಳು ಓಡುತ್ತಾರೆ, ನುಸುಳುತ್ತಾರೆ, ಕಣ್ಣಾಮುಚ್ಚಾಲೆ ಆಡುತ್ತಾರೆ. ಹೀಗೇ ಆಡಬೇಕು ಎಂಬ ಕಟ್ಟಳೆ ಇಲ್ಲ. ಗುಜರಿಗೆ ಹೋಗಬೇಕಾದ ಸಾಮಾನು ಮಕ್ಕಳ ಕೋಟೆ ಆಯಿತು.

ಆದರೆ ಒಂದು ಎಚ್ಚರಿಕೆ. ಖಾಲಿ ಡ್ರಮ್ಮು ಕಂಡ ಕೂಡಲೇ ಮಕ್ಕಳಿಗೆ ಕೊಡಬಾರದು. ಅದರಲ್ಲಿ ಮೊದಲು ಏನಿತ್ತು ಎಂದು ತಿಳಿಯಬೇಕು. ಕೀಟನಾಶಕ, ಆಸಿಡ್ ಇದ್ದ ಡ್ರಮ್ಮು ತೊಳೆದರೂ ಅಪಾಯ. ಕತ್ತರಿಸಿದ ತಗಡಿನ ಅಂಚು ಕೈ ಕುಯ್ಯುತ್ತದೆ. ತಿಳಿದವರು ನೋಡಿ, ಗಟ್ಟಿಯಾಗಿ ಕೂರಿಸಿದ ಮೇಲೆಯೇ ಮಕ್ಕಳನ್ನು ಬಿಡಬೇಕು.

ಹುಲ್ಲು ಕೊಯ್ಯುವವರು ಯಾರು?

ಕಟ್ಟುವುದು ಒಂದು ಕೆಲಸ. ಕಾಯುವುದು ಇನ್ನೊಂದು ಕೆಲಸ. 40 ಎಕರೆಯಲ್ಲಿ ಮಳೆ ಬಂದಾಗಲೆಲ್ಲ ಹುಲ್ಲು ಬೆಳೆಯುತ್ತದೆ. ಅದನ್ನು ಕೊಯ್ಯಬೇಕು. ಯಂತ್ರ ಬೇಕು, ಎಣ್ಣೆ ಬೇಕು, ಆಳು ಬೇಕು. ಶೌಚಾಲಯ ತೊಳೆಯಬೇಕು. ಮುರಿದದ್ದನ್ನು ಜೋಡಿಸಬೇಕು.

ವಿದ್ಯಾರ್ಥಿಗಳು ಓದು ಮುಗಿಸಿ ಹೋಗುತ್ತಾರೆ. ಪಾರ್ಕು ಉಳಿಯುವುದು ಊರಿನವರ ಬಳಿ. ಹಾಗಾಗಿ ಕಟ್ಟುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು: "ನಾಳೆ ಇದನ್ನು ನೋಡಿಕೊಳ್ಳುವವರು ಯಾರು?" ಉದ್ಘಾಟನೆಯ ದಿನ ಹೂವಿನ ಹಾರ, ಮೈಕು, ಭಾಷಣ. ಆರು ತಿಂಗಳಿಗೆ ಗೇಟಿಗೆ ತುಕ್ಕು. ಇಂಥ ಎಷ್ಟು ಪಾರ್ಕುಗಳನ್ನು ನಾವು ನೋಡಿಲ್ಲ?

ಈ ಪಾಠದ ತಿರುಳು ಇಲ್ಲಿದೆ. ಪಾರ್ಕು ಕಟ್ಟಿದವರದ್ದು ಅಲ್ಲ. ಬೋರ್ಡಿನಲ್ಲಿ ಹೆಸರು ಇರುವವರದ್ದೂ ಅಲ್ಲ. ದಿನಾ ಬಳಸಿ, ದಿನಾ ಕಾಯುವವರದ್ದು.

ನಮ್ಮ ಊರಿನಲ್ಲಿ

"ನಮ್ಮೂರಿಗೆ ಅಂಥ ವಿದ್ಯಾರ್ಥಿಗಳು ಎಲ್ಲಿಂದ ಬರ್ತಾರೆ?" ಎಂದು ನೀವು ಕೇಳಬಹುದು. ಬಂದರೆ ಒಳ್ಳೆಯದು. ಬರದಿದ್ದರೂ ನಮ್ಮ ಕೈಯಲ್ಲಿ ಒಂದು ಆಯುಧ ಇದೆ. ಅದು ಕಾನೂನು.

ಕರ್ನಾಟಕದಲ್ಲಿ 1985ರ ಒಂದು ಕಾಯ್ದೆ ಇದೆ. ಅದು ಪಟ್ಟಣಗಳ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಕಾಪಾಡುವ ಕಾಯ್ದೆ. 1992ರ ಸಂವಿಧಾನದ 74ನೇ ತಿದ್ದುಪಡಿಯು ಪಟ್ಟಣದ ಆಡಳಿತಕ್ಕೆ ಕೊಡಬಹುದಾದ ಕೆಲಸಗಳ ಪಟ್ಟಿ ಮಾಡಿದೆ. ಅದರಲ್ಲಿ ಪಾರ್ಕು, ಉದ್ಯಾನ, ಆಟದ ಮೈದಾನಗಳ ಹೆಸರೂ ಇದೆ. ಹಳ್ಳಿಗಳಿಗೆ 73ನೇ ತಿದ್ದುಪಡಿ ಇದೆ. ಸಮುದಾಯದ ಆಸ್ತಿಯನ್ನು ನೋಡಿಕೊಳ್ಳುವುದು ಪಂಚಾಯಿತಿಗೆ ಕೊಡಬಹುದಾದ ಕೆಲಸಗಳ ಪಟ್ಟಿಯಲ್ಲಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ನಮಗಿದೆ.

ಕೇಳುವ ಮೊದಲು ನಾಲ್ಕು ಕೆಲಸ ಮಾಡೋಣ.

1. ನಾಲ್ಕಾರು ಜನ ಒಟ್ಟಾಗಿ ಹೋಗಿ ಜಾಗ ನೋಡೋಣ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.
2. ಅಕ್ಕಪಕ್ಕದವರನ್ನು ಕೇಳೋಣ. ಅಜ್ಜಿಯರಿಗೆ ಏನು ಬೇಕು? ಮಕ್ಕಳಿಗೆ ಏನು ಬೇಕು? ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ಏನು ಭಯ?
3. ಕಾಗದದ ಮೇಲೆ ನಕ್ಷೆ ಬರೆಯೋಣ. ರಂಗೋಲಿ ಬರೆಯುವ ಕೈಗೆ ನಕ್ಷೆ ಕಷ್ಟ ಅಲ್ಲ. ಗೇಟು, ಮರ, ನಲ್ಲಿ, ದೀಪದ ಕಂಬ ಗುರುತು ಮಾಡೋಣ.
4. ಒಂದೇ ಒಂದು ಕೆಲಸವನ್ನು ಮೊದಲು ಆರಿಸೋಣ. ಅದು ಆದ ಮೇಲೆ ಇನ್ನೊಂದು.

ಆಮೇಲೆ ಅರ್ಜಿ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ಈಗ ನಾವೇ ಬರೆಯುತ್ತೇವೆ.

ಅರ್ಜಿಯ ಮಾದರಿ

ದಿನಾಂಕ: ............

ಇವರಿಗೆ,
ಮುಖ್ಯಾಧಿಕಾರಿಗಳು,
ಪುರಸಭೆ, ............

ವಿಷಯ: ನಮ್ಮ ಬಡಾವಣೆಯ ಪಾರ್ಕನ್ನು ಸರಿಪಡಿಸುವ ಬಗ್ಗೆ.

ಮಾನ್ಯರೇ,

ನಾವು ............ ಬಡಾವಣೆಯ ಮಹಿಳೆಯರು. ನಮ್ಮ ಬಡಾವಣೆಯ ಪಾರ್ಕಿನಲ್ಲಿ ದೀಪ ಇಲ್ಲ. ಶೌಚಾಲಯ ಇಲ್ಲ. ಕಳೆ ಬೆಳೆದಿದೆ. ಹೆಂಗಸರು, ಮಕ್ಕಳು ಹೋಗಲು ಹೆದರುತ್ತಾರೆ. ಮೊದಲು ದೀಪ ಹಾಕಿಸಿ ಕೊಡಬೇಕೆಂದು ಕೇಳುತ್ತೇವೆ. ನಾವು ಬರೆದ ನಕ್ಷೆಯನ್ನು ಇದರ ಜೊತೆ ಇಟ್ಟಿದ್ದೇವೆ. ಪಾರ್ಕನ್ನು ನೋಡಿಕೊಳ್ಳುವ ಕೆಲಸದಲ್ಲಿ ನಾವೂ ಕೈ ಜೋಡಿಸುತ್ತೇವೆ.

ಇಂತಿ,
ತಮ್ಮ ವಿಶ್ವಾಸಿಗಳು,
(ಎಲ್ಲರ ಸಹಿ)

ಹಳ್ಳಿಯಾದರೆ ಈ ಅರ್ಜಿಯನ್ನು ಗ್ರಾಮ ಪಂಚಾಯಿತಿಗೆ ಬರೆಯಿರಿ. ಅರ್ಜಿಯ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮುದ್ರೆ ಮತ್ತು ತಾರೀಖು ಹಾಕಿಸಿಕೊಳ್ಳಿ. "ಅರ್ಜಿ ಬಂದೇ ಇಲ್ಲ" ಎಂದರೆ ತೋರಿಸಲು ಅದು ಬೇಕು.

ಹೊಸ ಪದಗಳು

ಸಾರ್ವಜನಿಕ – ಎಲ್ಲ ಜನರಿಗೂ ಸೇರಿದ
ವಾಸ್ತುಶಿಲ್ಪ – ಕಟ್ಟಡಗಳ ನಕ್ಷೆ ಮಾಡುವ ವಿದ್ಯೆ
ನಕ್ಷೆ – ಜಾಗ ಅಥವಾ ಕಟ್ಟಡದ ಗೆರೆ ಚಿತ್ರ
ಸಮುದಾಯ – ಒಂದು ಕಡೆ ಕೂಡಿ ಬಾಳುವ ಜನ
ಕಾಯ್ದೆ – ಕಾನೂನು

ಓದಿ, ಉತ್ತರ ಹೇಳಿ

1. ಲಯನ್ಸ್ ಪಾರ್ಕಿನ ಯಜಮಾನರು ಯಾರು ಯಾರು?
2. ಡ್ರಮ್ಮುಗಳಲ್ಲಿ ಮೊದಲು ಏನು ತುಂಬುತ್ತಿದ್ದರು?
3. ಮಾಂಟ್ಗೊಮೆರಿಯ ಪಾರ್ಕುಗಳು ಎಷ್ಟು ವರ್ಷ ಮುಚ್ಚಿದ್ದವು? ಲೆಕ್ಕ ಹಾಕಿ.
4. ಒಂದು ಡ್ರಮ್ಮಿಗೆ 200 ಲೀಟರ್ ನೀರು ಹಿಡಿದರೆ 10 ಡ್ರಮ್ಮಿಗೆ ಎಷ್ಟು?

ಕೂಡಿ ಮಾತಾಡೋಣ

ನಮ್ಮ ಊರಿನಲ್ಲಿ 'ಎಲ್ಲರ ಜಾಗ' ಎನ್ನುವ ಜಾಗಗಳು ಯಾವುವು? ಅಲ್ಲಿಗೆ ಹೆಂಗಸರು ಹೋಗುತ್ತಾರೆಯೇ? ಹೋಗದಿದ್ದರೆ ಯಾಕೆ? ಯಾರನ್ನಾದರೂ ಅಲ್ಲಿಂದ ದೂರ ಇಟ್ಟಿದ್ದೇವೆಯೇ?

ಮಾಡಿ ನೋಡೋಣ

ಮುಂದಿನ ತರಗತಿಗೆ ಬರುವಾಗ ನಿಮ್ಮ ಬೀದಿಯ ನಕ್ಷೆ ಬರೆದು ತನ್ನಿ. ಅದರ ಕೆಳಗೆ ನಿಮ್ಮ ಹೆಸರು ಬರೆಯಿರಿ. ಎಲ್ಲ ನಕ್ಷೆಗಳನ್ನೂ ಪಕ್ಕಪಕ್ಕ ಇಟ್ಟು, ಇಡೀ ಊರಿನ ನಕ್ಷೆ ಮಾಡೋಣ.