ಕಡತ ದೆಹಲಿಯಲ್ಲಿ, ಕಾಯುವವರು ಕಡಲಾಚೆ

ಹೊರದೇಶದಲ್ಲಿ ನೆಲೆಸಿದ ದಂಪತಿ ಭಾರತದ ಮಗುವೊಂದನ್ನು ದತ್ತು ಪಡೆಯಲು ಹೆಸರು ಬರೆಸಿದ ವಾರ ಪ್ರಾರ್ಥನೆ ಸಲೀಸಾಗಿ ಬರುತ್ತದೆ. ಕಷ್ಟ ಆಮೇಲಿನದು. ಕೊಡಬೇಕಾದ ಕಾಗದಗಳನ್ನೆಲ್ಲ ಕೊಟ್ಟಾಗಿದೆ, ಮನೆಗೆ ಬಂದು ಹೋದ ಸಮಾಜ ಕಾರ್ಯಕರ್ತರ ವರದಿ ದೆಹಲಿ ಸೇರಿದೆ, ಇನ್ನು ಮಾಡಲು ಕೆಲಸವೇ ಇಲ್ಲ. ತೀರಾ ಚಿಕ್ಕ, ಆರೋಗ್ಯವಂತ ಮಗುವನ್ನೇ ಬಯಸಿದವರು ವರ್ಷಗಟ್ಟಲೆ ಕಾಯುವುದು ಈಗ ಮಾಮೂಲು. ಹಾಗೆ ಕಾಯುತ್ತಿರುವ ಮಂಗಳೂರು, ಉಡುಪಿ, ಬೆಂಗಳೂರು ಕಡೆಯ ಕ್ರೈಸ್ತ ಕುಟುಂಬಗಳಿಗಾಗಿ ಈ ಬರಹ. ಭಾನುವಾರ ಪೂಜೆ ಮುಗಿಸಿ ಫೋನು ಮಾಡಿ ‘ಏನಾಯ್ತು ಮಗಾ?’ ಎಂದು ಕೇಳುವ ಊರಿನ ಹಿರಿಯರೂ ಓದಿದರೆ ಒಳ್ಳೆಯದು.

ಕಡತ ಎಲ್ಲಿದೆ ಎಂದು ತಿಳಿದುಕೊಳ್ಳಿ

ಕಡತ ಎಲ್ಲಿ ನಿಂತಿದೆ ಎಂದೇ ಗೊತ್ತಿಲ್ಲದಿದ್ದರೆ ಪ್ರಾರ್ಥನೆ ಬೇಗ ಆತಂಕವಾಗಿಬಿಡುತ್ತದೆ. ಆದ್ದರಿಂದ ಮೊದಲು ದಾರಿಯ ನಕ್ಷೆ. ದೇಶದಿಂದ ದೇಶಕ್ಕೆ ದತ್ತು ಕೊಡುವುದಕ್ಕೆ 1993ರ ಹೇಗ್ ಒಪ್ಪಂದವೇ ಆಧಾರ. ಭಾರತ ಅದನ್ನು 2003ರಲ್ಲಿ ಅನುಮೋದಿಸಿತು. ಇಲ್ಲಿ ಹೊಣೆ ಹೊತ್ತಿರುವುದು ದೆಹಲಿಯ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರ ಬಾಯಲ್ಲಿ ‘ಕಾರಾ’. ಅನಿವಾಸಿ ಭಾರತೀಯರು ತಾವಿರುವ ದೇಶದ ಮಾನ್ಯತೆ ಪಡೆದ ದತ್ತು ಸಂಸ್ಥೆಯ ಮೂಲಕವೋ, ಅಲ್ಲಿನ ಸರ್ಕಾರಿ ಪ್ರಾಧಿಕಾರದ ಮೂಲಕವೋ ಕಾರಾದ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಅವೆರಡೂ ಇಲ್ಲದ ಕಡೆ ಭಾರತೀಯ ರಾಯಭಾರ ಕಚೇರಿಯೇ ದಾರಿ. ಕೊಲ್ಲಿ ದೇಶಗಳಲ್ಲಿರುವವರು ಮೊದಲು ವಿಚಾರಿಸಬೇಕಾದ್ದು ಅಲ್ಲಿ.

ಮಗುವಿನ ವಿವರ ಬಂದು ನೀವು ಒಪ್ಪಿದ ಮೇಲೆ ಕಾರಾದ ನಿರಾಕ್ಷೇಪಣಾ ಪತ್ರ, ಬಳಿಕ ದತ್ತು ಆದೇಶ, ಆಮೇಲೆ ಪಾಸ್‌ಪೋರ್ಟ್, ಕೊನೆಗೆ ವೀಸಾ. ದತ್ತು ಆದೇಶ ಹಿಂದೆ ನ್ಯಾಯಾಲಯದಿಂದ ಬರುತ್ತಿತ್ತು. 2022ರ ಸೆಪ್ಟೆಂಬರ್‌ನಿಂದ ಜಿಲ್ಲಾ ಮ್ಯಾಜಿಸ್ಟ್ರೇಟರು ಕೊಡುತ್ತಾರೆ. ಹಳೆಯ ಅನುಭವಸ್ಥರು ‘ಕೋರ್ಟಿನಲ್ಲಿ ಹೀಗಾಯಿತು, ಹಾಗಾಯಿತು’ ಎಂದು ಹೇಳುವ ಕಥೆಗಳನ್ನು ಅಷ್ಟರಮಟ್ಟಿಗೆ ರಿಯಾಯಿತಿ ಕೊಟ್ಟು ಕೇಳಿ.

ದಿನಾಂಕ ನೋಡುವ ಕೆಲಸಕ್ಕೆ ವಾರದಲ್ಲೊಂದು ಹೊತ್ತು

ಪೋರ್ಟಲ್ಲನ್ನು ದಿನಕ್ಕೆ ಹತ್ತು ಸಲ ತೆರೆಯುವುದು ಒಂದು ಬಗೆಯ ಜಪವೇ ಆಗಿಬಿಡುತ್ತದೆ, ಆದರೆ ಸಮಾಧಾನ ಕೊಡದ ಜಪ. ವಾರಕ್ಕೊಂದು ಸಂಜೆ ಗೊತ್ತುಮಾಡಿ. ಗಂಡ ಹೆಂಡತಿ ಇಬ್ಬರೂ ಕೂತು ಪೋರ್ಟಲ್ ನೋಡಿ, ಸಂಸ್ಥೆಗೆ ಬರೆಯಬೇಕಾದ ಮೇಲ್ ಬರೆದು ಮುಚ್ಚಿಡಿ. ಅದೇ ಸಂಜೆ ಯಾವ ಕಾಗದದ ಅವಧಿ ಯಾವಾಗ ಮುಗಿಯುತ್ತದೆ ಎಂದೂ ನೋಡಬೇಕು. ಭಾರತದ ನಿಯಮದಲ್ಲಿ ಗೃಹ ಅಧ್ಯಯನ ವರದಿಗೆ ಮೂರು ವರ್ಷ ಆಯುಸ್ಸು. ದತ್ತು ಪಡೆಯುವ ಅರ್ಹತೆಗೆ ಅಮೆರಿಕದ ವಲಸೆ ಇಲಾಖೆ ಕೊಡುವ ಐ-800ಎ ಅನುಮೋದನೆಗೆ 15 ತಿಂಗಳು ಮಾತ್ರ, ಮುಗಿಯುವ ಮೊದಲೇ ವಿಸ್ತರಣೆ ಕೇಳಬೇಕು. ವೈದ್ಯಕೀಯ ವರದಿ, ಪೊಲೀಸ್ ಪ್ರಮಾಣಪತ್ರಗಳಿಗೂ ಅವುಗಳದೇ ಗಡುವು. ‘ದೇವರು ನೋಡಿಕೊಳ್ಳುತ್ತಾನೆ’ ಎಂಬ ಮಾತು ಅವಧಿ ಮುಗಿದ ಬೆರಳಚ್ಚಿಗೆ ಅನ್ವಯಿಸುವುದಿಲ್ಲ.

ಉಳಿದ ಆರು ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಕಡತದ ಸುದ್ದಿ ಬೇಡ.

ಹರಕೆಯನ್ನು ಲಂಚ ಮಾಡಬೇಡಿ

ನಮ್ಮ ಕಡೆ ಮಗುವಿಗಾಗಿ ಹರಕೆ ಹೊರುವುದು ಹೊಸದಲ್ಲ. ಮಂಗಳೂರಿನ ಬಿಕರ್ನಕಟ್ಟೆಯ ಬಾಲ ಯೇಸು ಕ್ಷೇತ್ರದಲ್ಲಿ, ಬೆಂಗಳೂರಿನ ವಿವೇಕನಗರದಲ್ಲಿ, ಕಾರ್ಕಳದ ಅತ್ತೂರಿನಲ್ಲಿ ಮೇಣದ ಬತ್ತಿ ಹಚ್ಚಿ ಬೇಡಿಕೊಂಡವರ ಮಕ್ಕಳು ಮೊಮ್ಮಕ್ಕಳು ಎಲ್ಲೆಲ್ಲೂ ಇದ್ದಾರೆ. ಹರಕೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಒಂಬತ್ತು ದಿನದ ನೊವೆನಾ ಮುಗಿಸಿ ಹತ್ತನೆಯ ದಿನ ದೆಹಲಿಯಿಂದ ಮೇಲ್ ಬಾರದಿದ್ದಾಗ ‘ನಮ್ಮ ಭಕ್ತಿಯಲ್ಲೇ ಕೊರತೆ’ ಎಂದು ಕೊರಗುವವರಿದ್ದಾರೆ. ಸರತಿ ನಿಧಾನವಾಗುವುದಕ್ಕೆ ಕಾರಣ ನಿಮ್ಮ ಪಾಪವಲ್ಲ. ಕಾಯುವ ದಂಪತಿಗಳು ಹೆಚ್ಚು, ಕಾನೂನಿನ ಪ್ರಕಾರ ದತ್ತುವಿಗೆ ಮುಕ್ತವೆಂದು ಘೋಷಿತರಾದ ಪುಟ್ಟ ಮಕ್ಕಳು ಕಡಿಮೆ, ಅಷ್ಟೆ.

ಹಾಗಾದರೆ ಏನು ಪ್ರಾರ್ಥಿಸುವುದು? ಬೈಬಲಿನಲ್ಲಿ ಕಾಯುವವರಿಗೆಂದೇ ಪುಟಗಳಿವೆ. ಸಮುವೇಲನ ಮೊದಲ ಪುಸ್ತಕ ಹನ್ನಳಿಂದ ಶುರುವಾಗುತ್ತದೆ. ಆಕೆ ತುಟಿ ಮಾತ್ರ ಅಲ್ಲಾಡಿಸಿ ಅಳುತ್ತ ಪ್ರಾರ್ಥಿಸುವುದನ್ನು ಕಂಡ ಯಾಜಕ ಏಲಿ ಕುಡಿದಿದ್ದಾಳೆಂದು ಗದರುತ್ತಾನೆ. ಗುಡಿಯ ಹಿರಿಯನಿಗೂ ಅರ್ಥವಾಗದ ನೋವು ಅದು. ನಿಮ್ಮ ಸಭೆಯ ಹಿರಿಯರಿಗೆ ನಿಮ್ಮ ಸಂಕಟ ತಿಳಿಯದಿದ್ದರೆ ಅಚ್ಚರಿಪಡಬೇಕಿಲ್ಲ. ಹದಿಮೂರನೆಯ ಕೀರ್ತನೆಯಲ್ಲಿ ಇನ್ನೂ ಎಷ್ಟು ಕಾಲ ಎಂಬ ಪ್ರಶ್ನೆ ನಾಲ್ಕು ಬಾರಿ ಬರುತ್ತದೆ, ಕೇಳಿದವನನ್ನು ಯಾರೂ ಬೈಯುವುದಿಲ್ಲ. ಎಂಬತ್ತೆಂಟನೆಯ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಸಾಂತ್ವನದ ಮಾತು ಕೇಳಿ ಕೇಳಿ ಸಾಕಾದ ದಿನ ಅದನ್ನೇ ಗಟ್ಟಿಯಾಗಿ ಓದಿ. ದೂರುವುದಕ್ಕೂ ಪ್ರಾರ್ಥನೆಯಲ್ಲಿ ಜಾಗವಿದೆ ಎಂದು ಗೊತ್ತಾಗುತ್ತದೆ. ಹೆರದೆ ಸಾಕಿದವರೂ ಬೈಬಲಿನಲ್ಲಿದ್ದಾರೆ. ಎಸ್ತೇರಳನ್ನು ಸಾಕಿದ್ದು ಮೊರ್ದೆಕೈ, ಮೋಶೆಯನ್ನು ಫರೋಹನ ಮಗಳು. ಯೇಸುವಿಗೆ ಬಡಗಿತನದ ಮನೆ ಕೊಟ್ಟ ಯೋಸೇಫನೂ ಹೆತ್ತ ತಂದೆಯಲ್ಲ. ಮಾರ್ಚ್ 19ರಂದು ಯೋಸೇಫರ ಹಬ್ಬ. ಕಾಯುವ ಗಂಡಸರು ಆ ದಿನ ಪೂಜೆಗೆ ಹೋಗಲಿ. ಕಾಯುವಿಕೆಯಲ್ಲಿ ಹೆಂಗಸರ ಕಣ್ಣೀರನ್ನಷ್ಟೇ ಎಲ್ಲರೂ ನೋಡುತ್ತಾರೆ.

ಆ ಇನ್ನೊಬ್ಬ ತಾಯಿಗಾಗಿ

ನನಗೆ ಬಹಳ ಮುಖ್ಯವೆನಿಸುವ ಹೆಜ್ಜೆ ಇದು. ನಿಮ್ಮ ಮಡಿಲಿಗೆ ಬರುವ ಮಗು ಯಾರದೋ ಮಡಿಲಿನಿಂದ ಇಳಿದು ಬರಬೇಕು. ಮಗುವನ್ನು ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು ಕಾನೂನು 60 ದಿನ ಕೊಡುತ್ತದೆ. ‘ಬೇಗ ಕೊಡು ತಂದೆಯೇ’ ಎಂದು ನೀವು ಬೇಡುವ ಹೊತ್ತಿಗೆ ಎಲ್ಲೋ ಒಬ್ಬ ಹೆಣ್ಣುಮಗಳು ಆ 60 ದಿನವನ್ನು ಎಣಿಸುತ್ತಿರಬಹುದು. ಆಕೆಗೆ ಆಸರೆ ಸಿಗಲಿ, ಮಗುವನ್ನು ತಾನೇ ಸಾಕುವಂತಾದರೆ ಸಾಕಲಿ ಎಂದು ಬೇಡುವ ಧೈರ್ಯ ಬರಬೇಕು. ಅದು ಬಂದರೆ ವಿಳಂಬದ ಮೇಲಿನ ಸಿಟ್ಟು ತಾನಾಗಿ ತಗ್ಗುತ್ತದೆ. ಬಾಲಮಂದಿರದಲ್ಲಿ ರಾತ್ರಿ ಪಾಳಿಯಲ್ಲಿ ಹಾಲು ಕುಡಿಸುವ ಆಯಾಗಳನ್ನೂ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳಿ. ಮಗುವನ್ನು ‘ಉದ್ಧರಿಸಲು’ ಹೊರಟಿದ್ದೇವೆ ಎಂಬ ಮಾತನ್ನು ಪ್ರಾರ್ಥನೆಯಿಂದಲೂ ಊಟದ ಮೇಜಿನಿಂದಲೂ ತೆಗೆದುಹಾಕಿ. ಜೀವನವಿಡೀ ಉಪಕೃತನಾಗಿರಬೇಕೆಂಬ ಹೊರೆ ಯಾವ ಮಗುವಿಗೂ ಬೇಡ.

‘ಒಂದು ಮಗು ಇದೆಯಂತೆ’ ಎಂಬ ಫೋನು ಬಂದಾಗ

ಬಂದೇ ಬರುತ್ತದೆ. ಯಾರೋ ನೆಂಟರು, ನರ್ಸಿಂಗ್ ಹೋಮಿನ ಪರಿಚಯದವರು, ಕೆಲವೊಮ್ಮೆ ಸಿಸ್ಟರ್ ಒಬ್ಬರ ಹೆಸರು ಹೇಳಿಕೊಂಡು ಮತ್ತೊಬ್ಬರು. ‘ದೇವರೇ ದಾರಿ ತೋರಿಸಿದ್ದಾನೆ, ಪೋರ್ಟಲ್ ಯಾಕೆ?’ ಬೇಡ ಎಂದುಬಿಡಿ. ನಿಯಮ ಮೀರಿ ಮಗುವನ್ನು ಕೊಡುವುದೂ ಪಡೆಯುವುದೂ 2015ರ ಬಾಲ ನ್ಯಾಯ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಹಣ ಕೈ ಬದಲಾಗಿ ಮಾರಾಟವೆನಿಸಿಕೊಂಡರೆ 81ನೇ ಸೆಕ್ಷನ್, ಐದು ವರ್ಷದ ಕಠಿಣ ಶಿಕ್ಷೆಯವರೆಗೆ. ಅಂಥ ಮಗುವಿಗೆ ಹೊರದೇಶದ ವೀಸಾ ಸಿಗುವುದೂ ದೂರದ ಮಾತು. ಫೋನು ಮಾಡಿದವರಿಗೆ, ಮಗು ಸಂಕಷ್ಟದಲ್ಲಿದ್ದರೆ 1098ಕ್ಕೆ ತಿಳಿಸಿ ಎಂದು ಹೇಳಿ.

ಪ್ರಾರ್ಥನಾ ಕೂಟಕ್ಕೆ ಎಷ್ಟು ಹೇಳಬೇಕು

ಒಂಟಿಯಾಗಿ ಕಾಯಬೇಡಿ, ಆದರೆ ಇಡೀ ಸಭೆಯ ಮುಂದೆಯೂ ಕಾಯಬೇಡಿ. ನಂಬಿಕೆಯ ಎರಡು ಮೂರು ಕುಟುಂಬ, ಒಬ್ಬ ಫಾದರ್ ಅಥವಾ ಸಭಾಪಾಲಕರು ಸಾಕು. ಸುದ್ದಿ ಇದ್ದರೆ ನಾವೇ ಹೇಳುತ್ತೇವೆ, ಕೇಳಬೇಡಿ ಎಂದು ಮೊದಲೇ ತಿಳಿಸಿ. ಊರಿನ ಅಮ್ಮನಿಗೂ ಅದೇ ಮಾತು, ಸ್ವಲ್ಪ ಮೆತ್ತಗೆ.

ಮಗುವಿನ ವಿವರ ಬಂದ ದಿನ ಫೋಟೋವನ್ನು ವಾಟ್ಸ್ಯಾಪ್ ಪ್ರಾರ್ಥನಾ ಗುಂಪಿಗೆ ಹಾಕುವ ಆಸೆ ತಡೆಯಲಾರದಷ್ಟಿರುತ್ತದೆ. ತಡೆಯಿರಿ. ರಕ್ಷಣೆಯಲ್ಲಿರುವ ಮಗುವಿನ ಗುರುತು ಬಹಿರಂಗಪಡಿಸುವುದನ್ನು ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಮಗು ಎಲ್ಲಿ ಸಿಕ್ಕಿತು, ಯಾಕೆ ಒಪ್ಪಿಸಿದರು ಎಂಬುದು ಸಾಕ್ಷಿ ಹೇಳುವ ವೇದಿಕೆಯ ಸರಕಲ್ಲ. ಅದು ಮಗುವಿನ ಸ್ವಂತದ ಕಥೆ, ದೊಡ್ಡದಾದ ಮೇಲೆ ಬೇಕಿದ್ದವರಿಗೆ ತಾನೇ ಹೇಳಿಕೊಳ್ಳುತ್ತದೆ.

ಹೌದು ಅಥವಾ ಇಲ್ಲ

ವರ್ಷಗಟ್ಟಲೆ ಕಾಯಿಸಿದ ವ್ಯವಸ್ಥೆ, ಮಗುವನ್ನು ಕಾಯ್ದಿರಿಸಲು ಕೊಡುವ ಸಮಯವನ್ನು ಗಂಟೆಗಳಲ್ಲಿ ಎಣಿಸುತ್ತದೆ. ಆಗ ಉಪವಾಸ ಕೂರಲು ವ್ಯವಧಾನವಿರುವುದಿಲ್ಲ. ಯಾವ ವಯಸ್ಸು, ಯಾವ ಆರೋಗ್ಯ ಸಮಸ್ಯೆಯನ್ನು ನಿಭಾಯಿಸಬಲ್ಲೆವು ಎಂಬುದನ್ನು ಕಾಯುವ ಕಾಲದಲ್ಲೇ ಪ್ರಾರ್ಥಿಸಿ, ಜಗಳವಾಡಿ, ತೀರ್ಮಾನಿಸಿಟ್ಟುಕೊಳ್ಳಿ. ವೈದ್ಯಕೀಯ ವರದಿ ಓದಿ ಹೇಳಬಲ್ಲ ಮಕ್ಕಳ ವೈದ್ಯರೊಬ್ಬರನ್ನು ಮೊದಲೇ ಗೊತ್ತುಮಾಡಿ. ನಿಭಾಯಿಸಲಾರೆವು ಎನಿಸಿದರೆ ‘ಇಲ್ಲ’ ಎನ್ನುವುದು ಅವಿಶ್ವಾಸವಲ್ಲ.

ದೀಕ್ಷಾಸ್ನಾನ, ಆಸ್ತಿ, ಹಿರಿಯರ ಅನುಮಾನ

ದತ್ತು ಮಗುವಿಗೆ ಹಕ್ಕುಂಟೇ ಎಂದು ಅಜ್ಜಂದಿರು ಕೇಳಿದರೆ ಬೇಸರಿಸಬೇಡಿ, ಅವರ ಕಾಲದಲ್ಲಿ ಅದು ನ್ಯಾಯವಾದ ಪ್ರಶ್ನೆ. 1956ರ ದತ್ತು ಕಾಯ್ದೆ ಕ್ರೈಸ್ತರಿಗೆ ಅನ್ವಯಿಸುತ್ತಿರಲಿಲ್ಲ. 1890ರ ಕಾನೂನಿನಡಿ ಪಾಲಕರಾಗಬಹುದಿತ್ತೇ ಹೊರತು ತಂದೆತಾಯಿ ಅಲ್ಲ. ಈಗಿನದಕ್ಕಿಂತ ಹಿಂದಿನ ಬಾಲ ನ್ಯಾಯ ಕಾಯ್ದೆ ಬಂದ ಮೇಲೆ ಧರ್ಮ ಯಾವುದಾದರೂ ದತ್ತು ಪಡೆಯಬಹುದು ಎಂಬುದನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿತು. ಈಗ ಆದೇಶವಾದ ದಿನದಿಂದ ಮಗು ಹೆತ್ತ ಮಗುವಿಗೆ ಸಮಾನ, ಉತ್ತರಾಧಿಕಾರದಲ್ಲೂ. ಕಥೋಲಿಕ ಧರ್ಮಸಭೆಯ ಕಾನೂನಿನ 110ನೇ ವಿಧಿಯೂ ನಾಗರಿಕ ಕಾನೂನಿನಂತೆ ದತ್ತು ಪಡೆದವರ ಮಗುವೆಂದೇ ಗಣಿಸುತ್ತದೆ.

ದೀಕ್ಷಾಸ್ನಾನ ಆದೇಶಕ್ಕಿಂತ ಮೊದಲು ಬೇಡ. ಅಲ್ಲಿಯವರೆಗೆ ಮಗು ಕಾನೂನಿನಲ್ಲಿ ನಿಮ್ಮದಲ್ಲ. ಹಸುಗೂಸಾದರೆ ಆಮೇಲೆ ಕಷ್ಟವೇನಿಲ್ಲ. ಏಳು ತುಂಬಿದ ಮಗುವನ್ನು ಕಥೋಲಿಕ ಸಭೆ ಈ ವಿಷಯದಲ್ಲಿ ವಿವೇಚನೆ ಬಂದವರ ಲೆಕ್ಕಕ್ಕೆ ಸೇರಿಸುತ್ತದೆ. ಕಲಿಸಬೇಕು, ಮಗುವೇ ಒಪ್ಪಬೇಕು. ಆ ಮಗು ಬಾಲಮಂದಿರದಲ್ಲಿ ಬೇರೆ ದೇವರಿಗೆ ಕೈಮುಗಿದು ಮಲಗುತ್ತಿದ್ದಿರಬಹುದು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಮಗು ಹೇಗೆ ಹೊಂದಿಕೊಳ್ಳುತ್ತಿದೆ ಎಂಬ ವರದಿ ಕಾರಾಕ್ಕೆ ಹೋಗಬೇಕು. ಇಂಥ ದೊಡ್ಡ ಮಗುವಾದರೆ ಆ ಎರಡು ವರ್ಷವಾದರೂ ದೀಕ್ಷಾಸ್ನಾನದ ಮಾತಿಗೆ ಅವಸರಪಡಬೇಡಿ. ರಾತ್ರಿ ನೀವು ಜಪಸರ ಹಿಡಿದು ಕೂತಾಗ ಮಗು ಪಕ್ಕದಲ್ಲಿ ಬಂದು ಕೂತರೆ ಕೂರಲಿ, ತನ್ನ ಪಾಡಿಗೆ ಆಡಿಕೊಂಡಿದ್ದರೆ ಆಡಿಕೊಂಡಿರಲಿ.