ಜೊಲ್ಲುಗ್ರಂಥಿಯ ಕ್ಯಾನ್ಸರ್: ‘ಮುಂದೇನು?’ ಎನ್ನುವವರಿಗೆ ಎಂಟು ಸೂತ್ರ

ಒಪಿಡಿ ಬಾಗಿಲಲ್ಲಿ ಫೈಲು ಎದೆಗವಚಿಕೊಂಡು ನಿಂತವರು ಕೇಳುವುದು ಒಂದೇ ಮಾತು: “ಇನ್ನೆಷ್ಟು ದಿನ ಡಾಕ್ಟ್ರೇ?” ವರ್ಷಕ್ಕೆ ಲಕ್ಷದಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಈ ಕಾಯಿಲೆಯಲ್ಲಿ ಅದಕ್ಕೆ ನೇರ ಉತ್ತರ ಕಷ್ಟ. ಆದರೆ ಉತ್ತರದ ಬಹುಪಾಲು ಆ ಫೈಲಿನಲ್ಲೇ ಇರುತ್ತದೆ.

1. ಪೂರ್ತಿ ಹೆಸರು ಕೇಳಿ. ಜೊಲ್ಲುಗ್ರಂಥಿಯ ಕ್ಯಾನ್ಸರ್ ಎಂಬುದು ಬರೀ ಮನೆತನದ ಹೆಸರು. ಒಳಗೆ 20ಕ್ಕೂ ಹೆಚ್ಚು ಬಗೆಗಳಿವೆ. ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್‌ಗೆ ಇದು ಪತ್ತೆಯಾದದ್ದು 2003ರಲ್ಲಿ. ದವಡೆ ಹೋಯಿತು, ಮಾತು ಹೋಯಿತು, ಬರೆಯುವುದು ಮಾತ್ರ ನಿಲ್ಲಲಿಲ್ಲ, ತೀರಿಕೊಂಡದ್ದು 2013ರಲ್ಲಿ. ಬೀಸ್ಟಿ ಬಾಯ್ಸ್ ಎಂಬ ರ‍್ಯಾಪ್ ತಂಡದ ಆಡಮ್ ಯಾಕ್‌ಗೆ 2009ರಲ್ಲಿ ಪತ್ತೆಯಾಗಿ 2012ರಲ್ಲೇ ಎಲ್ಲ ಮುಗಿಯಿತು. ಒಂದೇ ಮನೆತನದ ಹೆಸರು, ಎರಡು ದಾರಿ; ಹಾಗಾಗಿ ಪಕ್ಕದ ಬೀದಿಯವರ ಕಥೆ ಕೇಳಿ ಹೆದರುವುದೂ ಬೇಡ, ಹಿಗ್ಗುವುದೂ ಬೇಡ.

2. ಯಾವ ಗ್ರಂಥಿ, ನೋಡಿ. ಮಂಗನಬಾವು ಬಂದಾಗ ಊದಿಕೊಳ್ಳುತ್ತದಲ್ಲ, ಕಿವಿಯ ಮುಂದಿನ ಪೆರೋಟಿಡ್, ಅಲ್ಲಿನ ಗಂಟುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಾಧು, ಅಂದರೆ ಕ್ಯಾನ್ಸರ್ ಅಲ್ಲದವು. ದವಡೆಯಡಿಯ ಗ್ರಂಥಿಯಲ್ಲಿ ಹೆಚ್ಚುಕಮ್ಮಿ ಅರ್ಧಕ್ಕರ್ಧ. ನಾಲಿಗೆಯಡಿ, ಅಂಗುಳಿನ ಪುಟ್ಟ ಗ್ರಂಥಿಗಳಲ್ಲಿ ಗಂಟು ಕಂಡರೆ ಮೊದಲು ಅನುಮಾನವೇ.

3. ರೋಗಿಯನ್ನು ಕನ್ನಡಿ ಮುಂದೆ ನಿಲ್ಲಿಸಿ. ಹುಬ್ಬೇರಿಸಲಿ, ಕಣ್ಣು ಬಿಗಿಯಾಗಿ ಮುಚ್ಚಲಿ, ಹಲ್ಲು ಕಿರಿಯಲಿ, ಕೆನ್ನೆ ಉಬ್ಬಿಸಲಿ. ಅರ್ಧ ನಿಮಿಷದ ಕೆಲಸ, ಖರ್ಚಿಲ್ಲ. ಮುಖ ಆಡಿಸುವ ನರ ಪೆರೋಟಿಡ್‌ನ ನಡುವೆಯೇ ಹಾದು ಐದು ಕವಲಾಗುತ್ತದೆ. ಸಾಧು ಗಂಟು ಆ ನರವನ್ನು ಪಕ್ಕಕ್ಕೆ ಸರಿಸುತ್ತದೆಯೇ ಹೊರತು ಸಾಮಾನ್ಯವಾಗಿ ಕೆಡಿಸುವುದಿಲ್ಲ. ಗಂಟಿನ ಜತೆಗೆ ಬಾಯಿ ಸೊಟ್ಟಗಾದರೆ, ಒಂದು ಕಣ್ಣು ಪೂರ್ತಿ ಮುಚ್ಚದಿದ್ದರೆ ಗಡ್ಡೆ ನರಕ್ಕೆ ಕೈಹಾಕಿದೆ ಎಂದೇ ಶಂಕಿಸಬೇಕು. ಅದು ಖಚಿತವಾದರೆ ಗಡ್ಡೆ ಎಷ್ಟೇ ಚಿಕ್ಕದಿರಲಿ, ಕಾಯಿಲೆಯ ಹಂತ ನಾಲ್ಕಕ್ಕೆ ಏರುತ್ತದೆ. ಪಾರ್ಶ್ವವಾಯು ಇರಬೇಕೆಂದು ಎಣ್ಣೆ ತಿಕ್ಕುತ್ತ ತಿಂಗಳು ಕಳೆಯಬೇಡಿ.

4. ಆಪರೇಷನ್ ನಂತರದ ರಿಪೋರ್ಟಿನಲ್ಲಿ ನಾಲ್ಕು ಸಾಲು ಹುಡುಕಿ: ಗ್ರೇಡ್ (ಕೋಶಗಳ ಒರಟುತನ) ಎಷ್ಟು, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ, ನರದ ಸುತ್ತ ಹಬ್ಬಿದೆಯೇ, ಕತ್ತಿನ ಎಷ್ಟು ದುಗ್ಧಗ್ರಂಥಿಗಳಿಗೆ ಹೋಗಿದೆ. ಇವೆಲ್ಲ ಸಿಗದ ಸೂಜಿ ಪರೀಕ್ಷೆಯ ಚೀಟಿ ಹಿಡಿದು ಭವಿಷ್ಯ ಹೇಳಿಸಿಕೊಳ್ಳಲು ಅವಸರಪಡಬೇಡಿ.

5. ಐದು ವರ್ಷದ ಲೆಕ್ಕವನ್ನು ನೆಚ್ಚಿ ಕೂರಬೇಡಿ. ಅಡಿನಾಯ್ಡ್ ಸಿಸ್ಟಿಕ್ ಎಂಬ ಬಗೆಗಂತೂ ಈ ಮಾತು ನೂರಕ್ಕೆ ನೂರು. ಅದು ಆಮೆಯ ನಡಿಗೆಯದು. ನರಗಳ ಗುಂಟ ತೆವಳುತ್ತದೆ; ಐದು ವರ್ಷಕ್ಕೆ ಬಹುತೇಕರು ಚೆನ್ನಾಗಿಯೇ ಇರುತ್ತಾರೆ, ಮನೆಯಲ್ಲಿ ಸಿಹಿ ಹಂಚಿಯೂ ಆಗಿರುತ್ತದೆ. ಹತ್ತು, ಹದಿನೈದು ವರ್ಷದ ಮೇಲೆ ಶ್ವಾಸಕೋಶದಲ್ಲಿ ಚುಕ್ಕೆ ಕಾಣಿಸಬಹುದು. ಹಾಗೆ ಕಂಡರೂ ಕೆಲವರು ಆ ಚುಕ್ಕೆಗಳ ಜತೆಗೇ ವರ್ಷಗಟ್ಟಲೆ ಓಡಾಡಿಕೊಂಡಿರುತ್ತಾರೆ. ಚೆಕಪ್ ತಪ್ಪಿಸಬೇಡಿ.

6. ಗಡ್ಡೆಯಲ್ಲಿ ಔಷಧಕ್ಕೆ ಸಿಗುವ ಗುರುತುಗಳ ಪರೀಕ್ಷೆ ಮಾಡಿಸಿದ್ದಾರೆಯೇ ಕೇಳಿ. ಸ್ಯಾಲಿವರಿ ಡಕ್ಟ್ ಬಗೆ ಒರಟು ಸ್ವಭಾವದ್ದು, ಸೂಕ್ಷ್ಮದರ್ಶಕದಲ್ಲಿ ಸ್ತನ ಕ್ಯಾನ್ಸರನ್ನೇ ಹೋಲುತ್ತದೆ. ಹರ್-2 ಗುರುತು ಸಿಕ್ಕವರಿಗೆ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್ ಔಷಧ ನೆರವಾಗಬಹುದು. ಸೀಕ್ರಿಟರಿ ಬಗೆಯಲ್ಲಿ ಎನ್‌ಟಿಆರ್‌ಕೆ ಜೀನ್ ಬೆಸೆದುಕೊಂಡಿದ್ದರೆ ಲ್ಯಾರೋಟ್ರೆಕ್ಟಿನಿಬ್ ಇದೆ. ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆದ ಮಾತ್ರೆ. ಅದಕ್ಕೂ ಹಿಂದಿನ ರೋಗಿಗಳ ಲೆಕ್ಕದಲ್ಲಿ ಈ ಮಾತ್ರೆಯ ಪಾಲು ಸೇರಿರುವುದಿಲ್ಲ, ಜ್ಞಾಪಕವಿರಲಿ.

7. ಅಂಕಿ ಹೇಳಿದರೆ ಅದರ ಊರು ಕೇಳಿ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು ಪೆರೋಟಿಡ್ ಕ್ಯಾನ್ಸರಿಗೆ ಅಂಕಪಟ್ಟಿಯೊಂದನ್ನು ರೂಪಿಸಿದರು. ವಯಸ್ಸು, ನೋವು, ಗಾತ್ರ, ದುಗ್ಧಗ್ರಂಥಿ, ಚರ್ಮ, ಮುಖದ ನರ ಇಷ್ಟನ್ನು ಕೂಡಿಸಿ ಆಪರೇಷನ್‌ಗೆ ಮುಂಚೆ ಒಂದು ಅಂಕ. ಅಂಚು ಮತ್ತು ನರದ ಹಬ್ಬುವಿಕೆ ಸೇರಿಸಿ ಆಮೇಲೆ ಇನ್ನೊಂದು. ಅಂದರೆ ಒಬ್ಬನೇ ರೋಗಿಗೆ ಎರಡು ಭವಿಷ್ಯ! ನೂರರಲ್ಲಿ ಎಪ್ಪತ್ತು ಮಂದಿ ಬದುಕುತ್ತಾರೆ ಎಂದರೆ ಅದು ನೂರು ಜನರ ಮಾತು. ನಿಮ್ಮಪ್ಪ ಎಪ್ಪತ್ತರಲ್ಲೋ ಮೂವತ್ತರಲ್ಲೋ ಎಂದು ಯಾವ ಅಂಕಪಟ್ಟಿಯೂ ಹೇಳದು.

8. ಸ್ಲೈಡು ಮತ್ತು ಗಡ್ಡೆಯ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಕೇಳಿ ಪಡೆಯಿರಿ. ಅಪರೂಪದ ಕಾಯಿಲೆ, ಪಳಗಿದ ಇನ್ನೊಂದು ಕಣ್ಣು ನೋಡಿದರೆ ಹೆಸರೇ ಬದಲಾದೀತು, ಆಗ ಮೊದಲ ಸೂತ್ರದಿಂದ ಮತ್ತೆ ಓದಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಯ್ಯುವಾಗ ಬ್ಲಾಕನ್ನು ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ. ಕರಗುವ ಮೇಣ ಅದು.