ಬಿಸಿ ರೊಟ್ಟಿಗೆ ಇಬ್ಬರು ಬೇಕು

ಪ್ರಶ್ನೆ: ನನಗೆ 48 ವರ್ಷ. ದೇವದುರ್ಗದಲ್ಲಿ ಮನೆ. ಯಜಮಾನರದು ಸಣ್ಣ ಕಿರಾಣಿ ಅಂಗಡಿ. ವಯಸ್ಸಾದ ಅತ್ತೆಯವರು ಜೊತೆಗಿದ್ದಾರೆ. ಮಗ ರಾಯಚೂರಲ್ಲಿ ಓದುತ್ತಾನೆ. ಮಗಳಿಗೆ ಬೆಂಗಳೂರಲ್ಲಿ ನೌಕರಿ ಸಿಕ್ಕಿತು. ಮೊದಲ ಪಗಾರ ಆದ ದಿನ ಫೋನ್ ಮಾಡಿ, ‘ಯವ್ವಾ, ನಿನಗ ಏನ್ ಬೇಕು ಹೇಳು’ ಅಂದಳು. ‘ನನಗೇನ್ ಬ್ಯಾಡವ್ವ, ಅಪ್ಪಗ ಒಂದು ಅಂಗಿ ತಾ’ ಅಂದೆ. ‘ಅಪ್ಪಂದು ಆಮ್ಯಾಲೆ, ನಿನಗ ಏನ್ ಬೇಕು?’ ಅಂತ ಮತ್ತೆ ಕೇಳಿದಳು. ಎಷ್ಟು ಹುಡುಕಿದರೂ ಬಾಯಿಗೆ ಏನೂ ಬರಲಿಲ್ಲ. ಫೋನ್ ಇಟ್ಟು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನನಗೆ ಆಸೆಗಳೇ ಇಲ್ಲವೇ? ಪಕ್ಕದ ಮನೆಯವರು ಮಕ್ಕಳನ್ನು ಬಿಟ್ಟು ಗುಳೆ ಹೋಗಿದ್ದಾರೆ. ಅಂಥವರ ನಡುವೆ ನಾನು ಅದು ಬೇಕು ಇದು ಬೇಕು ಅನ್ನುವುದು ತಪ್ಪಲ್ಲವೇ? ಅತ್ತೆಯವರು ಮೊದಲಿಂದಲೂ ಹೇಳುತ್ತಿದ್ದರು, ನಾವು ಆಯ್ದಕ್ಕಿ ಲಕ್ಕಮ್ಮನ ಸೀಮೆಯವರು, ಹೆಣ್ಣಿಗೆ ಆಸೆ ಇರಬಾರದು ಅಂತ. – ಒಬ್ಬ ತಾಯಿ, ದೇವದುರ್ಗ

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೊನೆಯ ಹಾಳೆಯಲ್ಲಿ ನೀವು ಒಂದು ಸಾಲು ಬರೆದು ಅಡ್ಡಗೆರೆ ಎಳೆದಿದ್ದೀರಿ. ಗೆರೆ ಒಂದೇ ಇತ್ತು, ಅಕ್ಷರಗಳು ಕಾಣುತ್ತಿದ್ದವು. ಅತ್ತೆಯವರ ಕಣ್ಣು ತೋರಿಸಲು ರಾಯಚೂರಿಗೆ ಬಂದಾಗೆಲ್ಲ ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಕರಿಯುವ ವಾಸನೆ ಬರುತ್ತದೆ, ಒಂದು ದಿನ ಗಡಿಬಿಡಿ ಇಲ್ಲದೆ ಕೂತು ಬಿಸಿಬಿಸಿ ವಗ್ಗರಣಿ-ಮಿರ್ಚಿ ತಿಂದು, ಆಮ್ ತಲಾಬ್ ದಂಡೆಗೆ ಸ್ವಲ್ಪ ಹೊತ್ತು ಕೂತು ಬರಬೇಕು ಅಂತ ಅಲ್ಲಿದೆ. ಆಮೇಲೆ ‘ಇದೇನು ಹುಚ್ಚು’ ಅಂತ ನೀವೇ ಬರೆದು, ಅದನ್ನೂ ಹೊಡೆದು ಹಾಕಿದ್ದೀರಿ.

ಆಸೆ ಇಲ್ಲದವರು ಹೀಗೆ ಬರೆಯುವುದಿಲ್ಲ. ನಿಮಗೆ ಆಸೆ ಇದೆ. ಅದನ್ನು ಹೊಡೆದು ಹಾಕುವ ರೂಢಿ ಆಗಿಬಿಟ್ಟಿದೆ, ಅಷ್ಟೇ.

ಮೊದಲು ಲಕ್ಕಮ್ಮನ ಮಾತಿಗೆ ಬರುತ್ತೇನೆ, ಯಾಕೆಂದರೆ ಆ ತಾಯಿಯ ಹೆಸರು ಹೇಳಿ ನಿಮ್ಮ ಬಾಯಿ ಕಟ್ಟಿದ್ದು ನನಗೆ ನೋವು ತಂದಿತು. 12ನೇ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣಕ್ಕೆ ಹೋಗಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸಿದವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು. ಎಲ್ಲರೂ ಆ ‘ಬೇಡ’ವನ್ನಷ್ಟೇ ಕೇಳಿಸಿಕೊಳ್ಳುತ್ತಾರೆ. ತನ್ನ ಮನೆಗೆ ಎಷ್ಟು ಬೇಕು ಎಂಬುದು ಅವಳಿಗೆ ಹಿಡಿಯ ಲೆಕ್ಕದಲ್ಲಿ ಗೊತ್ತಿತ್ತು, ಅದನ್ನು ಗಂಡನ ಮುಖಕ್ಕೆ ಹೇಳುವ ಧೈರ್ಯವೂ ಇತ್ತು ಎಂಬುದನ್ನು ಮರೆಯುತ್ತಾರೆ. ಎಷ್ಟು ಬೇಕು ಎಂದು ತಿಳಿದವಳು ಮಾತ್ರ ಇಷ್ಟು ಬೇಡ ಎನ್ನಬಲ್ಲಳು. ನೀವು ಮಗಳಿಗೆ ಹೇಳಿದ ‘ಬ್ಯಾಡ’ ಅಂಥದ್ದಲ್ಲ. ಅದು ಕೇಳುವ ಮೊದಲೇ ಬಾಯಿಗೆ ಬರುವ ‘ಬ್ಯಾಡ’. ಲಕ್ಕಮ್ಮ ಬೇಡ ಎಂದದ್ದು ಕೂಡಿಡುವ ಆಸೆಗೆ. ಒಂದು ತಟ್ಟೆ ವಗ್ಗರಣಿಯನ್ನು ಯಾರೂ ಕೂಡಿಡಲಾರರು.

ಇನ್ನು ಗುಳೆ ಹೋದವರ ವಿಚಾರ. ಕಾಲುವೆ ನೀರು ಮುಟ್ಟದ ಹಳ್ಳಿಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು ಬಸ್ ಹತ್ತುವುದನ್ನು ನೀವೂ ನಾವೂ ಪ್ರತಿವರ್ಷ ನೋಡುತ್ತೇವೆ. ಅವರ ಕಷ್ಟ ಕಂಡು ಕರುಳು ಚುರ್ ಎನ್ನುವುದು ನಿಮ್ಮ ದೊಡ್ಡ ಗುಣ. ಆದರೆ ನೀವು ಸುಮ್ಮನಿದ್ದಿಲ್ಲವಲ್ಲ. ಅವರು ಅಜ್ಜಿಯ ಹತ್ತಿರ ಬಿಟ್ಟುಹೋದ ಎರಡು ಮಕ್ಕಳಿಗೆ ದಿನಾ ರೊಟ್ಟಿ ಪಲ್ಯ ಕಳಿಸುತ್ತೇನೆ, ಸಣ್ಣವನಿಗೆ ಖಾರ ಆಗುವುದಿಲ್ಲ ಅಂತ ಬೇರೆ ಬೆಲ್ಲ ಇಡುತ್ತೇನೆ ಎಂದು ನೀವೇ ಬರೆದಿದ್ದೀರಿ. ಬೇಸಿಗೆ ಬಂದರೆ ಬೇವಿನ ಮರದ ಕೆಳಗೆ ನೀರಿನ ಗಡಿಗೆ ಇಡುತ್ತೀರಿ. ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಅದು ಸಣ್ಣ ಉಪಕಾರವೇ? ನೀವು ಮಿರ್ಚಿ ತಿನ್ನದೇ ಇದ್ದರೆ ಆ ಮಕ್ಕಳ ತಟ್ಟೆಗೆ ಒಂದು ತುತ್ತೂ ಹೆಚ್ಚಾಗುವುದಿಲ್ಲ, ತಿಂದರೆ ಕಡಿಮೆಯೂ ಆಗುವುದಿಲ್ಲ.

ಆ ಸಣ್ಣವನಿಗೆ ಬೆಲ್ಲ ಬೇಕು, ಅತ್ತೆಯವರ ಚಹಾಕ್ಕೆ ಸಕ್ಕರೆ ಕಡಿಮೆ, ಯಜಮಾನರಿಗೆ ಪುಂಡಿಪಲ್ಯ ಇದ್ದರೆ ಇನ್ನೊಂದು ರೊಟ್ಟಿ ಹೆಚ್ಚು. ಇದೆಲ್ಲ ನಿಮಗೆ ಬಾಯಿಪಾಠ. ನಿಮ್ಮ ರುಚಿ ಯಾವುದು ಎಂದು ಆ ಮನೆಯಲ್ಲಿ ಯಾರಿಗಾದರೂ ಗೊತ್ತೇ? ಒಂದು ಪ್ರಶ್ನೆ ಕೇಳುತ್ತೇನೆ. ಹಂಚಿನಿಂದ ಆಗಷ್ಟೇ ಇಳಿಸಿದ, ಉಬ್ಬಿ ಹೊಗೆಯಾಡುವ ಜೋಳದ ರೊಟ್ಟಿಯನ್ನು ನೀವು ಕೊನೆಯ ಸಲ ತಿಂದದ್ದು ಯಾವಾಗ? ರೊಟ್ಟಿ ಬಡಿಯುವವಳು ಒಲೆ ಮುಂದೆ ಇರುತ್ತಾಳೆ. ಎಲ್ಲರೂ ಎದ್ದ ಮೇಲೆ ಬುಟ್ಟಿಯಲ್ಲಿ ಉಳಿದ ತಣ್ಣನೆಯದು ಅವಳ ಪಾಲು. ಬಿಸಿ ರೊಟ್ಟಿ ತಿನ್ನಬೇಕೆಂದರೆ ಇಬ್ಬರು ಬೇಕು, ಬಡಿಯುವವರೊಬ್ಬರು, ತಿನ್ನುವವರೊಬ್ಬರು. ನಿಮ್ಮ ಮನೆಯಲ್ಲಿ ಇಷ್ಟು ವರ್ಷ ಬಡಿಯುವವರು ನೀವೊಬ್ಬರೇ. ನಿಮ್ಮ ಅಡ್ಡಗೆರೆಯ ಸಾಲಿನಲ್ಲಿ ‘ಬಿಸಿಬಿಸಿ’ ಎಂಬ ಮಾತು ಯಾಕೆ ಬಂತು ಎಂದು ನನಗೆ ಅರ್ಥವಾಯಿತು.

ಮಾನ್ವಿಯ ಒಬ್ಬ ತಾಯಿ ಹಿಂದೆ ಹೀಗೇ ಬರೆದಿದ್ದರು. ಅವರ ಆಸೆ ಹಸಿರು ಗಾಜಿನ ಬಳೆ. ಹೇಳಲು ನಾಚಿಕೆ. ಹೇಳಿ ನೋಡಿ ಎಂದಿದ್ದೆ. ಗಂಡ ಮೊದಲು ನಕ್ಕರಂತೆ, ವಾರ ಬಿಟ್ಟು ತಾವೇ ತಂದರಂತೆ, ಅದೂ ಅಳತೆ ತಪ್ಪಿ ಕೈಯಿಂದ ಜಾರುವಷ್ಟು ದೊಡ್ಡವು. ಮದುವೆಯಾಗಿ 22 ವರ್ಷವಾದರೂ ಹೆಂಡತಿಯ ಕೈಯ ಅಳತೆ ಅವರಿಗೆ ಗೊತ್ತಿರಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ. ಯಾರೂ ಅವರಿಗೆ ಹೇಳಿರಲಿಲ್ಲ. ಮುಂದಿನ ಸಂತೆಗೆ ಇಬ್ಬರೂ ಕೂಡಿ ಹೋಗಿ ಬಳೆ ಬದಲಿಸಿಕೊಂಡು ಬಂದರು.

ಒಂದು ವಿಷಯ ಮಾತ್ರ ಕೇಳಲೇಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಮನಸ್ಸು ಭಾರವಾಗಿದ್ದು, ನಿದ್ದೆ ಬಾರದೆ, ಊಟ ರುಚಿಸದೆ, ಹಿಂದೆ ಖುಷಿ ಕೊಡುತ್ತಿದ್ದದ್ದೂ ಈಗ ಬೇಡವಾಗಿದ್ದರೆ ಅದು ಸಂಕೋಚವಲ್ಲ, ಕಾಯಿಲೆ ಇರಬಹುದು. ಹಾಗಿದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮ ಪತ್ರದಲ್ಲಿ ಆ ಲಕ್ಷಣ ನನಗೆ ಕಾಣಲಿಲ್ಲ. ಆದರೂ ಪತ್ರದಲ್ಲಿ ಎಲ್ಲವೂ ಕಾಣುವುದಿಲ್ಲ.

ಈಗ ಮಾಡಬೇಕಾದ್ದು. ಇವತ್ತೇ ಮಗಳಿಗೆ ಫೋನ್ ಹಚ್ಚಿ. ಸೀರೆ, ಬಂಗಾರ ಅಂತ ದೊಡ್ಡದೇನೂ ಹುಡುಕಬೇಡಿ. ನೀವು ಹೊಡೆದು ಹಾಕಿದ ಸಾಲನ್ನೇ ಓದಿ ಹೇಳಿ. ‘ನೀನು ಊರಿಗೆ ಬಂದಾಗ ನಾವಿಬ್ಬರೂ ರಾಯಚೂರಿಗೆ ಹೋಗೋಣ, ದವಾಖಾನೆಗಲ್ಲ, ಸುಮ್ಮನೆ’ ಅನ್ನಿ. ಅವಳು ಕೇಳಿದ್ದು ಪ್ರೀತಿಯಿಂದ. ಬೇಡ ಅಂದಾಗ ಅವಳ ಕೈಯೂ ಖಾಲಿಯಾಗಿಯೇ ಉಳಿಯಿತು, ಅದನ್ನು ನೆನಪಿಡಿ. ಇನ್ನೊಬ್ಬರು ಕೊಟ್ಟದ್ದನ್ನು ಮನಸಾರೆ ತೆಗೆದುಕೊಳ್ಳುವುದೂ ಅವರಿಗೆ ಮಾಡುವ ಉಪಕಾರವೇ. ಅವಳು ಇರುವಷ್ಟು ದಿನದಲ್ಲಿ ಒಂದು ಹೊತ್ತು ರೊಟ್ಟಿ ಅವಳೇ ಬಡಿಯಲಿ, ಅಂಚು ಸೀಳಲಿ, ದಪ್ಪ ಆಗಲಿ, ನೀವು ಮೊದಲು ಕೂತು ತಿನ್ನಿ. ಅತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಆಸೆ ಏನಿತ್ತು ಎಂದು ಒಂದು ಸಲ ಕೇಳಿ. ಅವರನ್ನೂ ಯಾರೂ ಕೇಳಿರಲಿಕ್ಕಿಲ್ಲ.

ಹೋಗುವ ದಿನ ಬೆಳಗಿನ ಬಸ್ಸಿಗೇ ಹೊರಡಿ, ಬಿಸಿಲು ಏರುವ ಮುಂಚೆ ಕೋಟೆ ನೋಡಿ ತಲಾಬ್ ದಂಡೆಗೆ ಕೂರಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಪುಕ್ಕಟೆ. ಆಧಾರ್ ಕಾರ್ಡ್ ಚೀಲದಲ್ಲಿ ಇಟ್ಟುಕೊಳ್ಳಿ.